ಕಲ್ಲು ನಿಲ್ಲಿಸೋದು ಸುಲಭ!

ಮೊನ್ನೆ ಹಚ್ಚೊಳ್ಳಿಗೆ ಹೋಗುವಾಗ ದಾರೀಲಿ ಒಂದು ಪ್ರಾರ್ಥನಾ ಮಂದಿರದ ಮುಂದೆ ಹೊಸ ಗ್ರಾನೈಟ್ ಕಲ್ಲು ನೋಡಿದೆ. ದೇವರ ಉಪಕಾರ ನೆನೆದು ಒಂದು ಸಾಲು, ಕೆಳಗೆ ದಾನಿಗಳ ಹೆಸರು ಹದಿನೆಂಟು ಸಾಲು!

"ಯೆಹೋಶುವನೂ ಕಲ್ಲು ನಿಲ್ಲಿಸಿದ್ನಲ್ಲಪ್ಪ" ಅಂದರು ಅಲ್ಲಿದ್ದ ಹಿರಿಯರು.

ನಿಲ್ಲಿಸಿದ, ಒಪ್ಪಿದೆ. ಯೊರ್ದನ್ ಹೊಳೆ ದಾಟಿದ ಮೇಲೆ ಗಿಲ್ಗಾಲಿನಲ್ಲಿ ೧೨ ಕಲ್ಲು. ಯಾಕೆ? ಮುಂದೆ ಮಕ್ಕಳು "ಇವೇನು ಕಲ್ಲು?" ಅಂತ ಕೇಳಿದರೆ ದೇವರು ನೀರು ಬತ್ತಿಸಿದ್ದನ್ನು ಹೇಳೋಕೆ. ದಾನಿಗಳ ಹೆಸರು ಹೇಳೋಕಲ್ಲ. ಅದು ಯೆಹೋಶುವನ ಪುಸ್ತಕದ ೪ನೇ ಅಧ್ಯಾಯ. ೭ನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಆಕಾನ ಕದ್ದ ಬೆಳ್ಳಿ ಬಂಗಾರವನ್ನು ಡೇರೆಯೊಳಗೆ ಹೂತಿಟ್ಟಿದ್ದ. ಕಲ್ಲು ತಡೀತಾ?

ನಮ್ಮ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರಲ್ಲೇ ಅಶೋಕನ ಬಂಡೆ ಶಾಸನ ಇದೆ. ತಂದೆ ತಾಯಿ ಮಾತು ಕೇಳಿ ಅಂತ ಕೆತ್ತಿ ೨೨೦೦ ವರ್ಷ ದಾಟಿತು. ಅಕ್ಷರ ಉಳಿದಿದೆ. ಮಾತು ಕೇಳೋರು?

ಧರ್ಮೋಪದೇಶಕಾಂಡದ ೨೪ನೇ ಅಧ್ಯಾಯ ತೆಗೆದು ನೋಡಿ. ಐಗುಪ್ತದಲ್ಲಿ ಗುಲಾಮರಾಗಿದ್ದದ್ದು ನೆನಪಿರಲಿ ಅನ್ನುತ್ತೆ. ಅದಕ್ಕೆ ಏನು ಮಾಡಬೇಕಂತೆ? ಹೊಲದಲ್ಲಿ ಮರೆತ ಸಿವುಡನ್ನು ಪರದೇಶಿಗೆ, ಅನಾಥರಿಗೆ, ವಿಧವೆಗೆ ಬಿಡಬೇಕಂತೆ. ನೆನಪು ಅಂದರೆ ಇದು ಸ್ವಾಮಿ!

ನಮ್ಮದು ಭತ್ತದ ಸೀಮೆ. ಆ ಹದಿನೆಂಟು ಸಾಲಿನಲ್ಲಿರೋ ಒಬ್ಬರು ಹಕ್ಕಲು ಆಯೋಕೆ ಬಂದ ಮುದುಕಿಯನ್ನು ಗದ್ದೆಯಿಂದ ಗದರಿಸಿ ಓಡಿಸಿದ್ದನ್ನು ನಾನೇ ಕಂಡಿದ್ದೇನೆ. ಆಕೆಯ ಮೊಮ್ಮಗು "ಇದೇನು ಕಲ್ಲು?" ಅಂತ ಕೇಳಿದರೆ ಏನು ಹೇಳ್ತಾರೆ?

ನಾನಂತೂ ಇನ್ನು ಕಲ್ಲಿಗೆ ಚಂದಾ ಕೊಡಲ್ಲ. ನೀವೇನಂತೀರಿ?