ನಾಗವಲ್ಲಿ ಎಂಬ ಬೈಗುಳ

ದನಿ ಏರಿಸಿದ ಸೊಸೆಗೆ, ತಲೆ ಕೆದರಿಕೊಂಡು ಕೂತ ಮಗಳಿಗೆ, ಎದುರು ಮಾತಾಡಿದ ಹೆಂಡತಿಗೆ ನಮ್ಮ ಕಡೆ ಈಗ ಒಂದೇ ಹೆಸರು: ನಾಗವಲ್ಲಿ. 2004ರ 'ಆಪ್ತಮಿತ್ರ' ಬಿಟ್ಟುಹೋದ ಬಳುವಳಿ ಇದು. ಸೋಲಿನ ಮೇಲೆ ಸೋಲು ಕಂಡಿದ್ದ ದ್ವಾರಕೀಶ್ ಅವರ ಈ ಚಿತ್ರ ಅಷ್ಟು ಓಡೀತೆಂದು ಯಾರೂ ಎಣಿಸಿರಲಿಲ್ಲ. ನಿಡಘಟ್ಟದಿಂದ ನಾವು ಹೆಂಗಸರೆಲ್ಲ ಮದ್ದೂರಿಗೆ ಹೋಗಿ ನೋಡಿದೆವು. ಅದೇ ಏಪ್ರಿಲ್‌ನಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡಿದ್ದ ಸೌಂದರ್ಯಾ ತೆರೆಯ ಮೇಲೆ ಬಂದೊಡನೆ ಸೆರಗಿನಲ್ಲಿ ಕಣ್ಣೊರೆಸಿಕೊಂಡೆವು.

ನನ್ನ ಜಗಳ ಚಿತ್ರದ ಮೇಲಲ್ಲ, ನೋಡಿ ಬಂದ ನಮ್ಮ ಮೇಲೆ. ನಾಗವಲ್ಲಿ ಮಾಡಿದ ತಪ್ಪಾದರೂ ಏನು, ನೀವೇ ಹೇಳಿ. ರಾಜ ಬಯಸಿದ ನರ್ತಕಿ ಅವಳು, ಒಲಿದದ್ದು ರಾಮನಾಥನಿಗೆ. ಅಷ್ಟಕ್ಕೇ ರಾಜ ಅವನ ತಲೆ ಕಡಿದ, ಇವಳನ್ನು ಜೀವಸಹಿತ ಸುಟ್ಟ. ಕೊಂದವನು ಅವನು, ದೆವ್ವ ಎನಿಸಿಕೊಂಡವಳು ಇವಳು! ಶಾಲಾ ವಾರ್ಷಿಕೋತ್ಸವದಲ್ಲಿ ಹುಡುಗರು ಆ ರಾಜನ ಠೀವಿಯನ್ನು ಅನುಕರಿಸಿ ಚಪ್ಪಾಳೆ ಗಿಟ್ಟಿಸುತ್ತಾರೆ. ಸುಟ್ಟುಹೋದವಳ ಹೆಸರು ಬೈಗುಳವಾಗಿ ಉಳಿಯಿತು.

ಇನ್ನೊಂದನ್ನೂ ಮರೆತೆವು. ವಿಷ್ಣುವರ್ಧನ್ ಅವರ ಪಾತ್ರ ಮಂತ್ರವಾದಿಯದಲ್ಲ, ಮನೋವೈದ್ಯನದು. ಗಂಗಾಳಿಗೆ ಇರುವುದು ಮನಸ್ಸಿನ ಕಾಯಿಲೆ ಎಂದು ಆತ ಬಿಡಿಸಿ ಹೇಳುತ್ತಾನೆ. ನಮಗೆ ನೆನಪಿರುವುದು ಗೆಜ್ಜೆಯ ಸದ್ದು ಮಾತ್ರ.

ಇದರಲ್ಲಿ ನನ್ನ ಪಾಲೂ ಇದೆ. ಹತ್ತನೇ ತರಗತಿಯ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಚೀರುತ್ತಿದ್ದಳು. ಒಂದು ದಿನ ರೇಗಿ, 'ಏನಮ್ಮಾ, ನಾಗವಲ್ಲಿ ಬಂದಳಾ?' ಎಂದುಬಿಟ್ಟೆ. ತರಗತಿಯೆಲ್ಲ ನಕ್ಕಿತು. ವಾರ ಕಳೆಯುವುದರಲ್ಲಿ ಆ ಹೆಸರು ಅವಳ ಮನೆ ಮುಟ್ಟಿತ್ತು. ಮನೆಯವರು ದೆವ್ವ ಬಿಡಿಸಲು ಕರೆದೊಯ್ದರು. ಮರಳಿ ಬಂದಾಗ ಅವಳ ತೋಳಿನ ಮೇಲೆ ಬೇವಿನ ಬರಲಿನ ಬಾಸುಂಡೆಗಳಿದ್ದವು. ಬೇಡವೆಂದರೂ ಮನೆಯಲ್ಲಿ ಮದುವೆ ಮಾತು ನಡೆಯುತ್ತಿತ್ತೆಂದು ಆಮೇಲೆ ತಿಳಿಯಿತು. ಚೀರದೆ ಮತ್ತೇನು ಮಾಡಿಯಾಳು? ಮೊದಲೇ ಕೂರಿಸಿಕೊಂಡು ಕೇಳಬೇಕಾದವಳು ನಾನು.

ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು ಈಗ ಅಪರಾಧ. ಅದಕ್ಕೆಂದೇ 2017ರ ಕಾಯ್ದೆ ಇದೆ. 2020ರಲ್ಲಿ ಅದು ಜಾರಿಗೂ ಬಂತು. ಆದರೆ ಬಾಯಿಗೆ ಬಂದ ಹೆಸರಿಡುವುದನ್ನು ಯಾವ ಕಾಯ್ದೆ ತಡೆದೀತು? ಅದನ್ನು ಬಿಡಬೇಕಾದವರು ನಾವೇ. ಮನೆಯಲ್ಲಿ ಹೆಣ್ಣುಮಗಳೊಬ್ಬಳು ಚೀರಿದರೆ, ಅವಳ ಮೈಮೇಲೆ ಯಾರು ಬಂದರೆಂದು ಕೇಳಬೇಡಿ. ಅವಳ ಮೇಲೆ ಕೈ ಮಾಡಿದವರು ಯಾರು, ಬಾಯಿ ಮುಚ್ಚಿಸಿದವರು ಯಾರು ಎಂದು ಕೇಳಿ.