ಬಿಟ್ಟಿ ತಂತ್ರಾಂಶ ವ್ಯಾಪಾರಕ್ಕೆ ಆದೀತೆ?

ಹನೂರು ತಾಲ್ಲೂಕಿನ ಬಂಡಳ್ಳಿಯಂಥ ಊರಿನಲ್ಲಿ ಗೊಬ್ಬರ, ಬಿತ್ತನೆ ಬೀಜ ಮಾರುವ ಅಂಗಡಿಯೊಂದಕ್ಕೆ ಕಂಪ್ಯೂಟರ್ ಬಂತೆಂದು ಇಟ್ಟುಕೊಳ್ಳಿ. ಅದನ್ನು ನಡೆಸುವವರು ಸಾಮಾನ್ಯವಾಗಿ ಅಂಗಡಿಯ ಯಜಮಾನರಲ್ಲ; ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಹೋಗಿ ಬಿ.ಕಾಂ. ಓದುವ ಮಗಳೋ ಮಗನೋ. ಪತ್ರ ಬರೆಯಲು, ಸ್ಟಾಕು ಮತ್ತು ಸಾಲದ ಬಾಕಿಯ ಲೆಕ್ಕ ಇಡಲು ಒಂದು ಆಫೀಸ್ ತಂತ್ರಾಂಶ ಬೇಕು. ಹಣ ಕೊಟ್ಟು ಮೈಕ್ರೋಸಾಫ್ಟ್ ಆಫೀಸ್ ಕೊಳ್ಳಬಹುದು. ಯಾರೋ ಪೆನ್‌ಡ್ರೈವ್‌ನಲ್ಲಿ ತಂದುಕೊಡುವ ಕಳ್ಳ ಪ್ರತಿ ಹಾಕಿಕೊಳ್ಳಬಹುದು. ಅದು ಕಾಪಿರೈಟ್ ಕಾಯ್ದೆಯ ಪ್ರಕಾರ ಅಪರಾಧ, ಜೊತೆಗೆ ವೈರಸ್ಸೂ ಬರುವುದುಂಟು. ಮೂರನೆಯ ದಾರಿ ಲಿಬ್ರೆಆಫೀಸ್. ಮಗಳು ಈ ಹೆಸರು ಹೇಳಿದ ಕೂಡಲೇ ಅಪ್ಪ ಕೇಳುವುದು ಒಂದೇ ಮಾತು: “ಪುಕ್ಕಟೆ ಸಿಗೋದನ್ನ ನಂಬ್ಕೊಂಡು ವ್ಯಾಪಾರ ಮಾಡಕ್ಕಾಯ್ತದಾ?”

ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕೆ ಉತ್ತರ ಬೆಲೆಯಲ್ಲಿಲ್ಲ, ಅಂಗಡಿಯ ಕಡತಗಳಲ್ಲಿದೆ.

ಮೊದಲು ‘ಬಿಟ್ಟಿ’ ಮತ್ತು ‘ಮುಕ್ತ’ ಎಂಬೆರಡು ಮಾತುಗಳನ್ನು ಬಿಡಿಸಿಕೊಳ್ಳಬೇಕು. 1998ರಲ್ಲಿ ಬಂದ ‘ಬರಹ’ ತಂತ್ರಾಂಶ ಬಹಳ ವರ್ಷ ಉಚಿತವಾಗಿ ಸಿಗುತ್ತಿತ್ತು, ಆಮೇಲೆ ಅದಕ್ಕೆ ಬೆಲೆ ಬಂತು. ಅದರಲ್ಲಿ ತಪ್ಪೇನಿಲ್ಲ, ಮಾಡಿದವರ ಹಕ್ಕು. ಮುಕ್ತ ತಂತ್ರಾಂಶದ ರೀತಿ ಬೇರೆ. ಅಲ್ಲಿ ತಂತ್ರಾಂಶದ ಮೂಲ ಬರಹವನ್ನೇ ಎಲ್ಲರ ಕೈಗೆ ಕೊಟ್ಟಿರುತ್ತಾರೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಲಿಬ್ರೆಆಫೀಸಿನ ಚರಿತ್ರೆಯಲ್ಲೇ ಇದಕ್ಕೆ ಸಾಕ್ಷಿ ಇದೆ. ಜರ್ಮನಿಯ ಸ್ಟಾರ್ ಡಿವಿಷನ್ ಎಂಬ ಕಂಪೆನಿಯ ಸ್ಟಾರ್‌ಆಫೀಸನ್ನು 1999ರಲ್ಲಿ ಅಮೆರಿಕದ ಸನ್ ಕಂಪೆನಿ ಕೊಂಡಿತು. 2000ದಲ್ಲಿ ಅದರ ಮೂಲ ಬರಹವನ್ನು ಬಿಡುಗಡೆ ಮಾಡಿತು. ಅದೇ ಓಪನ್‌ಆಫೀಸ್ ಆಯಿತು. 2010ರಲ್ಲಿ ಸನ್ ಕಂಪೆನಿಯನ್ನೇ ಒರಾಕಲ್ ಕೊಂಡುಬಿಟ್ಟಿತು. ಮುಂದೇನು ಗತಿಯೋ ಎಂದು ಅನುಮಾನಪಟ್ಟ ತಂತ್ರಜ್ಞರು ಅದೇ ವರ್ಷ ಸೆಪ್ಟೆಂಬರಿನಲ್ಲಿ ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸಂಸ್ಥೆ ಕಟ್ಟಿ, ಮೂಲ ಬರಹದ ಪ್ರತಿಯೊಡನೆ ಹೊರನಡೆದು ಲಿಬ್ರೆಆಫೀಸ್ ಎಂದು ಹೆಸರಿಟ್ಟರು. ಯಜಮಾನಿಕೆ ಎರಡು ಸಲ ಬದಲಾದರೂ ಬಳಸುತ್ತಿದ್ದವರ ಕೆಲಸ ನಿಲ್ಲಲಿಲ್ಲ. ಹತ್ತು ವರ್ಷದ ಲೆಕ್ಕ ಕಾಪಾಡಿಕೊಳ್ಳಬೇಕಾದ ವ್ಯಾಪಾರಿಗೆ ಇದು ಪುಕ್ಕಟೆ ಸಿಗುವುದಕ್ಕಿಂತ ದೊಡ್ಡ ಲಾಭ.

ಇನ್ನು ಕೆಲಸದ ಮಾತು. ಪತ್ರಕ್ಕೆ ರೈಟರ್, ಲೆಕ್ಕಕ್ಕೆ ಕ್ಯಾಲ್ಕ್, ಸಭೆಯಲ್ಲಿ ತೋರಿಸುವ ಚಿತ್ರಪುಟಗಳಿಗೆ ಇಂಪ್ರೆಸ್. ಮೆನುಗಳನ್ನು ಕನ್ನಡದಲ್ಲೇ ಇಟ್ಟುಕೊಳ್ಳಬಹುದು. ಕ್ಯಾಲ್ಕ್‌ನ ಒಂದು ಹಾಳೆಯಲ್ಲಿ 10,48,576 ಸಾಲುಗಳಿವೆ. ದಿನಕ್ಕೆ ನೂರು ಸಾಲು ತುಂಬಿದರೂ ಹಾಳೆ ಮುಗಿಯಲು 28 ವರ್ಷ ಬೇಕು! ಕೂಡುವುದು, ಕಳೆಯುವುದು, ಶೇಕಡ ತೆಗೆಯುವುದು, ಯಾರ ಬಾಕಿ ಮೂರು ತಿಂಗಳು ದಾಟಿದೆಯೆಂದು ಹುಡುಕುವುದು, ಇವೆಲ್ಲ ಎರಡೂ ತಂತ್ರಾಂಶಗಳಲ್ಲಿ ಹೆಚ್ಚುಕಡಿಮೆ ಒಂದೇ ಸೂತ್ರದಿಂದ ಆಗುತ್ತವೆ. ಇಷ್ಟೇ ಕೆಲಸವಿರುವ ಅಂಗಡಿಗೆ ಲಿಬ್ರೆಆಫೀಸ್ ಧಾರಾಳವಾಗಿ ಸಾಕು.

ಎಡವುವುದು ಹೊರಗಿನವರ ಕಡತಗಳ ಹತ್ತಿರ. ಎಕ್ಸೆಲ್‌ನಲ್ಲಿ ಮ್ಯಾಕ್ರೋ ಎಂಬ ಪುಟ್ಟ ಆದೇಶಗಳ ಸರಣಿ ಬರೆದು ಕೆಲಸವನ್ನು ತನ್ನಷ್ಟಕ್ಕೆ ನಡೆಯುವಂತೆ ಮಾಡಬಹುದು. ಇಂಥ ಕಡತ ಕ್ಯಾಲ್ಕ್‌ನಲ್ಲಿ ತೆರೆದೀತು, ಒಳಗಿನ ಮ್ಯಾಕ್ರೋ ಓಡದೆ ಇರಬಹುದು. ಜಿ.ಎಸ್.ಟಿ. ವಾರ್ಷಿಕ ರಿಟರ್ನ್‌ಗೆ ಕೊಡುವ ಆಫ್‌ಲೈನ್ ಕಡತ ಮೈಕ್ರೋಸಾಫ್ಟ್ ಎಕ್ಸೆಲ್‌ಗಾಗಿಯೇ ಮಾಡಿದ್ದು. ಆ ಕೆಲಸ ಆಡಿಟರ್ ಕಚೇರಿಯಲ್ಲೇ ಆಗುವುದಾದರೆ ಅಂಗಡಿಗೆ ಚಿಂತೆಯಿಲ್ಲ. ಅಂಗಡಿಯಲ್ಲೇ ಆಗಬೇಕಾದರೆ ಒಂದು ಕಂಪ್ಯೂಟರಿನಲ್ಲಾದರೂ ಎಕ್ಸೆಲ್ ಇರಲೇಬೇಕು. ಪುಟದ ಅಂದ ಕೆಡುವ ದೂರೂ ಇದೆ. ಅದಕ್ಕೆ ಅನೇಕ ಸಲ ಕಾರಣ ಅಕ್ಷರದ ಅಚ್ಚು. ಕ್ಯಾಲಿಬ್ರಿ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬೇರೆ ಅಳತೆಯ ಅಚ್ಚು ಬಂದು ಕೂತರೆ ಸಾಲು ಜರುಗುತ್ತದೆ, ಎರಡು ಪುಟದ ಕೊಟೇಷನ್ ಮೂರು ಪುಟವಾಗುತ್ತದೆ. ಅಕ್ಷರದ ಅಗಲ ಅಷ್ಟೇ ಇರುವ ಕಾರ್ಲಿಟೊ ಎಂಬ ಮುಕ್ತ ಫಾಂಟ್ ಹಾಕಿಕೊಂಡರೆ ಈ ತೊಂದರೆ ಬಹುಮಟ್ಟಿಗೆ ಹೋಗುತ್ತದೆ.

ಕನ್ನಡದಲ್ಲಿ ವ್ಯವಹಾರ ಮಾಡುವವರಿಗೆ ಎಲ್ಲಕ್ಕಿಂತ ದೊಡ್ಡ ಗಂಟು ಹಳೆಯ ‘ನುಡಿ’ ಕಡತಗಳದು. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಮೊದಲಿನ ಪದ್ಧತಿಯಲ್ಲಿ ಇದ್ದದ್ದು 256 ಮನೆಗಳು, ಅವುಗಳಲ್ಲಿ ಇಂಗ್ಲಿಷ್ ಅಕ್ಷರಗಳು ಆಗಲೇ ಸಂಸಾರ ಹೂಡಿದ್ದವು. ಕನ್ನಡವನ್ನು ಆ ಮನೆಗಳಿಗೇ ಬಾಡಿಗೆಗೆ ಕಳಿಸಬೇಕಾಯಿತು. ನುಡಿಯ ಹಳೆಯ ಫಾಂಟ್‌ಗಳಲ್ಲಿ ‘ಕ’ದ ಒಡಲು ಇಂಗ್ಲಿಷಿನ ದೊಡ್ಡ ‘ಪಿ’ ಇರುವ 80ನೇ ಮನೆಯಲ್ಲಿತ್ತು, ತಲೆಕಟ್ಟಿಗೆ ಬೇರೆಯದೇ ಮನೆ. ಹೀಗಾಗಿ ಆ ಫಾಂಟ್ ಇಲ್ಲದ ಕಡೆ ಕಡತ ತೆರೆದರೆ ಗೊಬ್ಬರದ ಪಟ್ಟಿಯ ಬದಲು ಇಂಗ್ಲಿಷ್ ಅಕ್ಷರಗಳ ಗೊಜ್ಜು ಕಾಣುತ್ತದೆ. ಬೈಗುಳ ಲಿಬ್ರೆಆಫೀಸಿಗೆ ಬೀಳುತ್ತದೆ. ಆದರೆ ಫಾಂಟ್ ಇಲ್ಲದಿದ್ದರೆ ದುಡ್ಡು ಕೊಟ್ಟು ತಂದ ವರ್ಡ್‌ನಲ್ಲೂ ಕಾಣುವುದು ಅದೇ ಗೊಜ್ಜು. ಯೂನಿಕೋಡ್ ಪದ್ಧತಿಯಲ್ಲಿ ‘ಕ’ಕ್ಕೆ 3221 ಎಂಬ ಸ್ವಂತ ಸಂಖ್ಯೆ ಇದೆ, ಜಗತ್ತಿನ ಯಾವ ಕಂಪ್ಯೂಟರಿನಲ್ಲೂ ಅದು ‘ಕ’ವೇ. ಹುಡುಕಿದರೆ ಸಿಗುತ್ತದೆ, ಗಿರಾಕಿಗಳ ಹೆಸರನ್ನು ಅಕಾರಾದಿಯಲ್ಲಿ ಜೋಡಿಸಿದರೆ ಕೂರುತ್ತದೆ. ಹಳೆಯ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಉಚಿತ ಸಾಧನಗಳಿವೆ. ಬೇಸರದ ಕೆಲಸ, ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಬೇಕು. ಆದರೂ ಯಾವ ತಂತ್ರಾಂಶ ಆರಿಸಿಕೊಂಡರೂ ಇದನ್ನು ಒಮ್ಮೆ ಮಾಡಿ ಮುಗಿಸುವುದು ಲೇಸು.

ದೊಡ್ಡವರ ಅನುಭವ ಏನು? ಜರ್ಮನಿಯ ಮ್ಯೂನಿಕ್ ನಗರಸಭೆ 2003ರಲ್ಲಿ ಮುಕ್ತ ತಂತ್ರಾಂಶಕ್ಕೆ ಹೋಗಲು ತೀರ್ಮಾನಿಸಿ ಸುಮಾರು 15,000 ಕಂಪ್ಯೂಟರುಗಳನ್ನು ಬದಲಿಸಿತು. 2017ರಲ್ಲಿ ಮರಳಿ ವಿಂಡೋಸ್‌ಗೆ ಹೋಗುವ ನಿರ್ಣಯ ಮಾಡಿತು. ಹೊರಗಿನ ಕಚೇರಿಗಳ ಕಡತಗಳೊಡನೆ ಹೊಂದಾಣಿಕೆಯಾಗದ ದೂರು ಒಂದು ಕಾರಣ. ರಾಜಕೀಯವೇ ಮುಖ್ಯ ಕಾರಣ ಎನ್ನುವವರೂ ಇದ್ದಾರೆ. ಅದೇ ದೇಶದ ಶ್ಲೆಸ್‌ವಿಗ್-ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ ತನ್ನ ಸುಮಾರು 30,000 ಸರ್ಕಾರಿ ಕಂಪ್ಯೂಟರುಗಳಿಗೆ ಲಿಬ್ರೆಆಫೀಸ್ ಹಾಕುವುದಾಗಿ ಪ್ರಕಟಿಸಿತು. ನಮ್ಮಲ್ಲಿ ಕೇಂದ್ರ ಸರ್ಕಾರ 2015ರಲ್ಲಿ ಸರ್ಕಾರಿ ಬಳಕೆಗೆ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಎಂಬ ನೀತಿ ತಂದಿದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ವರ್ಷಗಳಿಂದ ಕಂಪ್ಯೂಟರ್ ಕಲಿಯುತ್ತಿರುವುದೇ ಮುಕ್ತ ತಂತ್ರಾಂಶದಲ್ಲಿ.

ಈ ಕೊನೆಯ ಮಾತು ತಂದೆತಾಯಿಗಳಿಗೆ. “ಇಂಟರ್‌ವ್ಯೂನಲ್ಲಿ ಎಂ.ಎಸ್. ಆಫೀಸ್ ಬರುತ್ತದೆಯೇ ಎಂದು ಕೇಳುತ್ತಾರೆ, ಮಗು ಬೇರೇನೋ ಕಲಿತರೆ ಕೆಲಸ ಸಿಕ್ಕೀತೆ?” ಎಂಬ ಭಯ ಸಹಜ. ಒಂದು ತಂತ್ರಾಂಶದಲ್ಲಿ ಸೂತ್ರ, ವಿಂಗಡಣೆ, ನಕ್ಷೆ ಮಾಡುವುದನ್ನು ಅರ್ಥಮಾಡಿಕೊಂಡು ಕಲಿತ ಹುಡುಗನಿಗೆ ಇನ್ನೊಂದರಲ್ಲಿ ಗುಂಡಿಗಳು ಎಲ್ಲಿವೆ ಎಂದು ಹುಡುಕುವುದಷ್ಟೇ ಬಾಕಿ. ಗುಂಡಿ ಒತ್ತುವುದನ್ನು ಮಾತ್ರ ಬಾಯಿಪಾಠ ಮಾಡಿಸುವ ತರಬೇತಿಯೇ ಅಪಾಯಕಾರಿ, ಏಕೆಂದರೆ ಅದೇ ಕಂಪೆನಿ ಹೊಸ ಆವೃತ್ತಿ ತಂದಾಗಲೂ ಗುಂಡಿಗಳು ಜಾಗ ಬದಲಿಸುತ್ತವೆ! ಇನ್ನೊಂದು ಎಚ್ಚರ: ‘ಹೋಂ ಅಂಡ್ ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಮಾರಾಟವಾದ ಆಫೀಸ್ ಆವೃತ್ತಿಗಳ ಪರವಾನಗಿ ವಾಣಿಜ್ಯ ಬಳಕೆಗೆ ಒಪ್ಪುವುದಿಲ್ಲ. ಮಗನ ಓದಿಗೆಂದು ತಂದ ಲ್ಯಾಪ್‌ಟಾಪಿನಲ್ಲಿ ಅಂಗಡಿ ಬಿಲ್ಲು ಮಾಡುವ ಮುಂಚೆ ಇದನ್ನು ನೋಡಿಕೊಳ್ಳಬೇಕು.

ಕೆಟ್ಟರೆ ಯಾರನ್ನು ಕೇಳುವುದು ಎಂಬ ಆಕ್ಷೇಪವೂ ಇದೆ. ಹಣ ಕೊಟ್ಟರೂ ಬಂಡಳ್ಳಿಗೆ ಬಂದು ಸರಿಮಾಡಿ ಹೋಗುವವರು ಯಾರು? ಎರಡಕ್ಕೂ ಊರಿನ ಬಲ್ಲವರೇ ಗತಿ.

ಆದ್ದರಿಂದ ಅಪ್ಪ ಮಗಳು ವಾದ ಮಾಡುವ ಬದಲು ಒಂದು ಭಾನುವಾರ ಪರೀಕ್ಷೆ ಮಾಡಲಿ. ಲಿಬ್ರೆಆಫೀಸನ್ನು ಅದರ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಲಿ. ಕಳೆದ ವರ್ಷದ ಐದು ಕಡತ ಸಾಕು: ಸ್ಟಾಕಿನ ಪಟ್ಟಿ, ಬಾಕಿ ಲೆಕ್ಕ, ಕಂಪೆನಿಗೆ ಬರೆದ ಪತ್ರ, ಆಡಿಟರಿಗೆ ಕಳಿಸಿದ ಹಾಳೆ, ಕನ್ನಡದ ಒಂದು ನೋಟೀಸು. ಮೂಲವನ್ನು ಮುಟ್ಟದೆ ಪ್ರತಿ ಮಾಡಿಕೊಂಡು ತೆರೆದು, ಮೊತ್ತಗಳು ತಾಳೆಯಾಗುತ್ತವೆಯೇ ನೋಡಲಿ. ಒಂದನ್ನು ತಿದ್ದಿ ಆಡಿಟರಿಗೆ ಕಳಿಸಿ, ಅವರಲ್ಲಿ ಸರಿಯಾಗಿ ತೆರೆಯಿತೇ ಎಂದು ಸೋಮವಾರ ಫೋನ್ ಮಾಡಿ ಕೇಳಲಿ. ಐದೂ ಪಾಸಾದರೆ ದುಡ್ಡು ಉಳಿಯಿತು. ಆಡಿಟರ ಹಾಳೆಯೊಂದೇ ನಪಾಸಾದರೆ, ಕೊಳ್ಳಬೇಕಾದದ್ದು ಒಂದೇ ಒಂದು ಎಕ್ಸೆಲ್.