ಬ್ಯಾಟರಿ ಹೋದ ಮಾತ್ರಕ್ಕೆ ಗುಜರಿಗೆ ಹಾಕಬೇಕೇ?

ಮಾಷ್ಟ್ರಿಗೆ ಬರೆಯಲು ಬೇರೆ ವಿಷಯ ಸಿಗಲಿಲ್ಲವೇ ಎಂದು ಕೆಲವರು ಕೇಳಬಹುದು. ಕೇಳಲಿ. ನಮ್ಮ ಕಾಸರಗೋಡಿನಲ್ಲಿ ಗಲ್ಫಿಗೆ ಹೋದವರಿರುವ ಮನೆಗಳ ಕಪಾಟು ತೆರೆದು ನೋಡಿ. ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಮಾವನೋ ಚಿಕ್ಕಪ್ಪನೋ ರಜೆಗೆ ಬರುವಾಗ ತಂದ ಪಿಎಸ್‌ಪಿಯೋ ನಿಂಟೆಂಡೋ ಡಿಎಸ್ಸೋ ಹಳೆ ಚಾರ್ಜರುಗಳ ನಡುವೆ ಬಿದ್ದಿರುತ್ತದೆ. ಆಗ ಅದಕ್ಕಾಗಿ ಜಗಳವಾಡಿದ ಮಕ್ಕಳು ಈಗ ತಾವೇ ಗಲ್ಫಿನಲ್ಲಿದ್ದಾರೆ. ಮನೆಯಲ್ಲಿರುವ ಚಿಕ್ಕವರು ಅದನ್ನು ಹುಡುಕಿ ತೆಗೆದು ಕೇಳುತ್ತಾರೆ, ಇದು ಯಾಕೆ ಆನ್ ಆಗುವುದಿಲ್ಲ ಎಂದು. ದೊಡ್ಡವರ ಉತ್ತರ ಒಂದೇ: ಹಾಳಾಗಿದೆ, ಗುಜರಿಯವನು ಬಂದಾಗ ಕೊಡು.

ಈ ಉತ್ತರ ಸರಿಯಲ್ಲ ಎಂದು ನನಗನಿಸುತ್ತದೆ. ಹೆಚ್ಚಿನ ಸಲ ಹೋಗಿರುವುದು ಬ್ಯಾಟರಿ ಒಂದೇ. ಪಿಎಸ್‌ಪಿ 2004ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಂದದ್ದು, 2014ರಲ್ಲಿ ಅದರ ಮಾರಾಟ ನಿಂತಿತು. ಆದರೆ ಅದರ ಹಿಂದಿನ ಮುಚ್ಚಳವನ್ನು ಹೆಬ್ಬೆರಳಿನಿಂದ ಜಾರಿಸಿದರೆ ಸಾಕು, ಬ್ಯಾಟರಿ ಕೈಗೆ ಬರುತ್ತದೆ. 2006ರ ಡಿಎಸ್ ಲೈಟ್‌ಗೆ ಒಂದೇ ಒಂದು ಸ್ಕ್ರೂ. ಅದಕ್ಕೂ ಹಿಂದೆ, 1989ರ ಗೇಮ್‌ಬಾಯ್‌ಗೆ ನಾಲ್ಕು ಪೆನ್‌ಸೆಲ್ ಹಾಕಿದರೆ ಆಯಿತು. ನಮ್ಮ ಜಾತ್ರೆ ಸಂತೆಗಳಲ್ಲಿ ಸಿಗುತ್ತಿದ್ದ ಬ್ರಿಕ್ ಗೇಮ್ ಕೂಡ ಪೆನ್‌ಸೆಲ್ಲಿನದ್ದೇ. ಸೆಲ್ ಮುಗಿದರೆ ಅಂಗಡಿಗೆ ಓಡುತ್ತಿದ್ದೆವೇ ಹೊರತು ಆಟದ ಸಾಮಾನನ್ನು ಎಸೆಯುತ್ತಿರಲಿಲ್ಲ. ಟಾರ್ಚಿನ ಸೆಲ್ ಮುಗಿಯಿತೆಂದು ಟಾರ್ಚನ್ನೇ ಎಸೆಯುವವರುಂಟೇ?

"ಆಡದೆ ಜೋಪಾನವಾಗಿ ಇಟ್ಟದ್ದು, ಹೇಗೆ ಹಾಳಾಯಿತು?" ಎಂಬ ಪ್ರಶ್ನೆಯೂ ಬರುತ್ತದೆ. ಇಟ್ಟದ್ದರಿಂದಲೇ ಎನ್ನಬೇಕು. ಲಿಥಿಯಂ ಅಯಾನ್ ಬ್ಯಾಟರಿ ಬಳಸಿದರೂ ಸವೆಯುತ್ತದೆ, ಬಳಸದಿದ್ದರೂ ಸವೆಯುತ್ತದೆ. ಬಿತ್ತನೆಗೆಂದು ತೆಗೆದಿಟ್ಟ ಭತ್ತಕ್ಕೂ ವಯಸ್ಸಾಗುವುದಿಲ್ಲವೇ, ಹಾಗೆ. ಸುಮ್ಮನಿದ್ದರೂ ಅದರ ಚಾರ್ಜು ನಿಧಾನವಾಗಿ ಇಳಿಯುತ್ತದೆ. ವರ್ಷಗಟ್ಟಲೆ ಇಳಿದು ತೀರಾ ತಳ ಮುಟ್ಟಿದಾಗ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಆಮೇಲೆ ಚಾರ್ಜಿಗಿಟ್ಟರೆ ಆ ತಾಮ್ರ ಬೇಡದ ಜಾಗದಲ್ಲಿ ಕೂತು ಒಳಗೇ ಶಾರ್ಟ್ ಆಗಬಹುದು. ಅದಕ್ಕೇ ಹತ್ತು ವರ್ಷ ಮಲಗಿದ್ದ ಬ್ಯಾಟರಿಯನ್ನು ರಾತ್ರಿ ಚಾರ್ಜಿಗಿಟ್ಟು ಮಲಗುವುದು ಬೇಡವೇ ಬೇಡ.

ನನಗೆ ನಿಜವಾಗಿ ಹೆದರಿಕೆ ಇರುವುದು ಉಬ್ಬಿದ ಬ್ಯಾಟರಿಯ ಬಗ್ಗೆ. ಒಳಗಿನ ದ್ರಾವಣ ಕೆಟ್ಟು ಗ್ಯಾಸ್ ಹುಟ್ಟಿದಾಗ ಬ್ಯಾಟರಿ ಹಪ್ಪಳದಂತೆ ಉಬ್ಬುತ್ತದೆ, ಹಿಂದಿನ ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಮಕ್ಕಳಿಗೆ ಅದು ಒಂದು ವಿಚಿತ್ರ, ಒತ್ತಿ ನೋಡಬೇಕು, ಚುಚ್ಚಿ ನೋಡಬೇಕು. ಕಂಪಾಸ್ ಬಾಕ್ಸಿನ ಕೈವಾರದ ಮೊನೆ ಸಾಕು. ಧನ ಮತ್ತು ಋಣ ಪದರಗಳ ನಡುವೆ ಇರುವುದು ತೆಳು ಪ್ಲಾಸ್ಟಿಕ್ ಹಾಳೆ. ಅದು ಹರಿದರೆ ಒಳಗೇ ಬಿಸಿ ಏರಿ, ಆ ದ್ರಾವಣವೇ ಉರಿದು, ಮುಖಕ್ಕೇ ಬೆಂಕಿ ಬರಬಹುದು. ತೋಟದ ಕಸಕ್ಕೆ ಬೆಂಕಿ ಹಾಕುವಾಗ ಅದರೊಳಗೆ ಎಸೆಯುವವರೂ ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಉಬ್ಬಿದ್ದು ಕಂಡರೆ ಚಾರ್ಜ್ ಮಾಡಬಾರದು, ಒತ್ತಿ ಮತ್ತೆ ಒಳಗೆ ತುರುಕಬಾರದು. ಸುಲಭವಾಗಿ ಬಂದರೆ ಹೊರತೆಗೆದು, ಲೋಹ ತಾಗುವ ಜಾಗಕ್ಕೆ ಟೇಪ್ ಅಂಟಿಸಿ, ಒಣ ಮರಳು ಹಾಕಿದ ಡಬ್ಬಿಯಲ್ಲಿ ಮನೆಯ ಹೊರಗೆ ಇಡಿ.

ಇನ್ನೊಂದು, ಗೇಮ್‌ಬಾಯ್‌ನ ಅನೇಕ ಕ್ಯಾಸೆಟ್ಟುಗಳ ಒಳಗೆ ಆಟದ ಲೆಕ್ಕ ಉಳಿಸಲೆಂದು ನಾಣ್ಯದಂಥ ಒಂದು ಸೆಲ್ ಇರುತ್ತದೆ. ಅದು ಮುಗಿದರೆ ಉಳಿಸಿದ ಆಟ ಮಾಯ. ಹೋದರೆ ಹೋಗಲಿ. ಆದರೆ ಬಿಚ್ಚಿ ತೆಗೆದ ಆ ಸೆಲ್ ಅಂಗನವಾಡಿಗೆ ಹೋಗುವ ತಂಗಿಯ ಕೈಗೆ ಸಿಗಬಾರದು. ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿ ಎರಡೇ ಗಂಟೆಯಲ್ಲಿ ಸುಟ್ಟು ಗಾಯ ಮಾಡುತ್ತದೆ. ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಬೇಕು.

ಹೊಸ ಬ್ಯಾಟರಿ ತರಿಸುವವರಿಗೆ ಒಂದು ಮಾತು. ಮೊದಲ ಪಿಎಸ್‌ಪಿಯ ಅಸಲಿ ಬ್ಯಾಟರಿಯದ್ದು 1800 ಎಂಎಎಚ್. ಅಷ್ಟೇ ಗಾತ್ರದ್ದರ ಮೇಲೆ 3600 ಎಂದು ಮುದ್ರಿಸಿ ಮಾರುತ್ತಾರೆ. ಪಾವಿನಲ್ಲಿ ಸೇರು ಅಕ್ಕಿ ಹಿಡಿಸುತ್ತದೆಂದರೆ ನಮ್ಮ ಅಜ್ಜಿ ನಂಬುತ್ತಿದ್ದರೇ? ಹಾಗೆಯೇ "ಪೆಟ್ಟಿಗೆ ಒಡೆಯದ ಒರಿಜಿನಲ್" ಎಂಬುದೂ ಆಗ ತಯಾರಾದದ್ದಾದರೆ ಪೆಟ್ಟಿಗೆಯೊಳಗೇ ಮುದಿಯಾಗಿರುತ್ತದೆ.

ಆದರೂ ಈ ಹಳೆಯವು ಪುಣ್ಯವಂತ ಯಂತ್ರಗಳು, ಮುಚ್ಚಳವಾದರೂ ಉಂಟು. ಈಗಿನವುಗಳನ್ನು ನೋಡಿ. 2017ರ ನಿಂಟೆಂಡೋ ಸ್ವಿಚ್‌ನಲ್ಲಿ ಬ್ಯಾಟರಿಯನ್ನು ಒಳಗೆ ಅಂಟಿಸಿದ್ದಾರೆ, ಹೊರಗಿನ ಸ್ಕ್ರೂಗಳಿಗೆ ಮೂರು ಕಾಲಿನ ಬೇರೆಯೇ ಸ್ಕ್ರೂಡ್ರೈವರ್ ಬೇಕು. ಮೊಬೈಲುಗಳ ಕಥೆಯೂ ಅದೇ. 2020–21ರ ಆನ್‌ಲೈನ್ ತರಗತಿಯ ಕಾಲದಲ್ಲಿ ಸಂಘಸಂಸ್ಥೆಗಳವರು, ಹಳೆ ವಿದ್ಯಾರ್ಥಿಗಳು ಬಡ ಮಕ್ಕಳಿಗೆ ಫೋನ್ ಹಂಚಿದರಲ್ಲ, ಅವುಗಳ ಬ್ಯಾಟರಿ ಸವೆಯುವ ಕಾಲ ಇದು. ತೆಗೆದು ಹಾಕಲು ಮುಚ್ಚಳವಿಲ್ಲ. ಬ್ಯಾಟರಿ ಬದಲಿಸಲು ಅಂಗಡಿಯವನು ಹೇಳುವ ಮೊತ್ತ ಕೂಲಿ ಮಾಡುವ ತಂದೆಗೆ ಕೆಲವು ದಿನಗಳ ದುಡಿಮೆ.

ತೆಳ್ಳಗಿರಬೇಕು, ನೀರು ಹೋಗಬಾರದು, ಅದಕ್ಕೇ ಮುಚ್ಚಿದ್ದು ಎಂದು ಕಂಪನಿಗಳು ಹೇಳುತ್ತವೆ. ನೀರಿನ ಮಾತನ್ನು ನಮ್ಮ ಮಳೆಗಾಲ ನೋಡಿದವರು ಅರ್ಧ ಒಪ್ಪಬಹುದು. ಆದರೆ ಸವೆಯುವುದು ಖಂಡಿತ ಎಂದು ಗೊತ್ತಿರುವ ಭಾಗವನ್ನೇ ಅಂಟಿಸಿಡುವುದು ಸೈಕಲ್ಲಿಗೆ ಟಯರನ್ನು ಬೆಸುಗೆ ಹಾಕಿದಂತೆ. ಯುರೋಪಿನವರು 2023ರಲ್ಲಿ ಇದಕ್ಕೊಂದು ಕಾನೂನು ಮಾಡಿದ್ದಾರೆ. ಕೆಲವು ವಿನಾಯಿತಿಗಳಿದ್ದರೂ, 2027ರ ಫೆಬ್ರುವರಿ 18ರಿಂದ ಅಲ್ಲಿ ಮಾರುವ ಇಂಥ ಸಾಧನಗಳ ಬ್ಯಾಟರಿಯನ್ನು ಬಳಸುವವನೇ ತೆಗೆದು ಹಾಕುವಂತಿರಬೇಕು ಎಂಬುದು ಅದರ ಮುಖ್ಯ ನಿಯಮ. ನಮ್ಮ ದೇಶದ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯದನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ, ಬೇರೆ ಕಸದೊಂದಿಗೆ ಬೆರೆಸಬಾರದೆಂದು ನಮಗೂ ಹೇಳಿವೆ. ಒಳ್ಳೆಯದೇ. ಆದರೆ ತೆಗೆಯಲು ಬಾರದ ಬ್ಯಾಟರಿಯನ್ನು ಬೇರೆ ಇಡುವುದು ಹೇಗೆ? ಯುರೋಪಿನ ಆ ನಿಯಮ ನಮ್ಮಲ್ಲೂ ಬರಬೇಕು.

"ಆ ದರಿದ್ರ ಗೇಮುಗಳು ಹಾಳಾಗಲಿ ಬಿಡಿ ಸರ್, ಮಕ್ಕಳು ಓದುತ್ತಾರೆ" ಎನ್ನುವ ತಾಯಂದಿರೂ ಇದ್ದಾರೆ. ಅವರ ಸಂಕಟ ಅರ್ಥವಾಗುತ್ತದೆ. ಆದರೆ ಮುಚ್ಚಳ ತೆಗೆದು, ವೋಲ್ಟ್ ಎಷ್ಟು ಬರೆದಿದೆ, ಧನ ತುದಿ ಯಾವುದು ಎಂದು ನೋಡುವ ಹುಡುಗನಿಗೆ ನಾನು ಬೋರ್ಡಿನ ಮೇಲೆ ಬರೆದು ತೋರಿಸುವುದಕ್ಕಿಂತ ಹೆಚ್ಚು ಅಲ್ಲೇ ಸಿಗುತ್ತದೆ.

ಮನೆಗೆ ಪ್ಲಾಸ್ಟಿಕ್ ಒಯ್ಯಲು ಬರುವ ಹರಿತ ಕರ್ಮ ಸೇನೆಯವರಲ್ಲಿ ಬ್ಯಾಟರಿ, ಇ-ತ್ಯಾಜ್ಯ ಯಾವಾಗ ತೆಗೆದುಕೊಳ್ಳುತ್ತೀರಿ ಎಂದು ಕೇಳಿ. ಪ್ಲಾಸ್ಟಿಕ್ಕಿನ ಗೋಣಿಯೊಳಗೆ ಗುಟ್ಟಾಗಿ ಹಾಕಿ ಕಳಿಸಬೇಡಿ, ಅದನ್ನು ಬಿಡಿಸುವವರೂ ನಮ್ಮ ಊರಿನ ಹೆಂಗಸರೇ. ಈ ವಿಷಯದ ಸೂಚನೆಗಳು ಹೆಚ್ಚಾಗಿ ಮಲಯಾಳದಲ್ಲೇ ಬರುವುದರಿಂದ ನಮ್ಮ ಅಜ್ಜ ಅಜ್ಜಿಯರಿಗೆ ತಲುಪುವುದಿಲ್ಲ. ಎಂಟು ಒಂಬತ್ತನೆಯ ತರಗತಿಯ ಮಕ್ಕಳಿಂದಲೇ ಕನ್ನಡದಲ್ಲಿ ಬರೆಯಿಸಿ, ಗುಜರಿ ಅಂಗಡಿಯ ಗೋಡೆಗೂ ಒಂದು ಅಂಟಿಸಿದರೆ ಹೇಗೆ? ಬೇರೆ ಶಾಲೆಗಳ ಮಾಷ್ಟ್ರು ಟೀಚರುಗಳು ಏನನ್ನುತ್ತೀರಿ, ಬರೆಯಿರಿ.